ಹೇಳಿದ ದಿನಕ್ಕೂ ಮೊದಲೇ

“ಗ್ರಾಹಕರ ಗಮನಕ್ಕೆ! ಚೌತಿಯ ದಿನ ನಮ್ಮ ಮನೆ ತಲುಪಬೇಕಾಗಿರುವ ಅಮ್ಮನ ರವಿಕೆಯು, ಟೇಲರಮ್ಮನ ಕೃಪೆಯಿಂದ, ಅನಿರ್ದಿಷ್ಟ ಕಾಲ ತಡವಾಗಿ ಚಲಿಸುತ್ತಿದೆ. ಅಡಚಣೆಗಾಗಿ ವಿಷಾದಿಸುತ್ತೇವೆ.”

ಕೊಂಕಣ ರೈಲು ಬಂದು ಐದಾರು ವರ್ಷವಾಗಿತ್ತಷ್ಟೆ. ಸ್ಟೇಶನ್ನಿನಲ್ಲಿ ಕೂಗುವ ಆ ಹೆಣ್ಣುಧ್ವನಿಯನ್ನು ನರೇಶ ಹಾಗೇ ಎತ್ತಿ ಗಂಟಲಿನಲ್ಲಿಟ್ಟುಕೊಂಡಿದ್ದ. ಆಟೋದ ತಲೆಗೆ ಕಟ್ಟಿದ ಮೈಕಿನಿಂದ ಅದು ಹೊರಟು ಜಾಲಿ ರಸ್ತೆಯುದ್ದಕ್ಕೂ ಹರಡಿದಾಗ, ಮೀನುಬುಟ್ಟಿ ಹೊತ್ತ ಹೆಂಗಸರು ನಿಂತು ನಕ್ಕರು.

ಹೊನ್ನಾವರದಲ್ಲಿ ಬಿ.ಎ. ಮುಗಿಸಿ, ಕೆಲಸ ಹುಡುಕಿ ಸುಸ್ತಾಗಿ, ಕೊನೆಗೆ ಬಾಯಿಯನ್ನೇ ಬಂಡವಾಳ ಮಾಡಿಕೊಂಡವನು ಅವನು. ಸೀರೆ ಅಂಗಡಿಯ ರಿಯಾಯಿತಿಯಿರಲಿ, ವಾಲಿಬಾಲ್ ಪಂದ್ಯವಿರಲಿ, ಭಟ್ಕಳದಿಂದ ಕುಮಟೆಯವರೆಗೆ ಕೂಗುತ್ತ ಹೋಗುವುದು ಕಸುಬು. ಬಸ್ ಕಂಡಕ್ಟರು, ಪಂಚಾಯ್ತಿ ಅಧ್ಯಕ್ಷರು, ಯಕ್ಷಗಾನದ ಭಾಗವತರು, ಬೆಕ್ಕು, ಎಲ್ಲರೂ ಅವನ ಬಾಯೊಳಗೆ ಬಾಡಿಗೆಗಿದ್ದರು. ಸ್ವಂತ ಧ್ವನಿಗೆ ಮಾತ್ರ ಅಲ್ಲಿ ಜಾಗ ಕಡಿಮೆ.

“ಹೋಯ್,” ಎಂದ ಆಟೋ ಓಡಿಸುತ್ತಿದ್ದ ಜಟ್ಟಿ. “ಸೀರೆ ಅಂಗಡಿಯವ್ರು ನಮ್ಮನ್ನ ಕಳ್ಸಿದ್ದು ಸೀರೆ ಬಗ್ಗೆ ಕೂಗೂಕೆ. ನಿನ್ನ ಪ್ರೇಮದ ಬಗ್ಗೆ ಅಲ್ಲ.”

“ಸೀರೆ ಇದ್ದಲ್ಲಿ ರವಿಕೆ ಬೇಡ್ವನಾ? ನಿಲ್ಸು, ನಿಲ್ಸು.”

ಮಾಲಿನಿ ಅಂಗಡಿಯ ಬಾಗಿಲಿಗೆ ಬಂದಳು. ಕೊರಳಲ್ಲಿ ಅಳತೆ ಟೇಪು, ಕೂದಲಲ್ಲಿ ಒಂದು ಹಸಿರು ನೂಲಿನ ಎಳೆ. ಆ ಎಳೆಯನ್ನು ತಾನೇ ತೆಗೆಯಬೇಕೆಂದು ನರೇಶನ ಬೆರಳುಗಳಿಗೆ ಆಸೆಯಾಯಿತು. ಬೆರಳುಗಳು ಮೈಕು ಹಿಡಿದುಕೊಂಡೇ ಸುಮ್ಮನಾದವು.

“ಅದನ್ನ ಬಂದ್ ಮಾಡು ಮಾರಾಯ. ನಿಮ್ಮಮ್ಮನ ರವಿಕೆ ಆತು. ತಕಂಡ್ಹೋಗು.”

“ಆತು? ಎಂತ ಆತು?”

“ಹೊಲ್ದಾತು. ಹುಕ್ಸೂ ಹಚ್ಚಿ ಆತು.”

ನರೇಶ ಆಟೋದಿಂದ ಇಳಿಯುವುದನ್ನೂ ಮರೆತ. ಚೌತಿಗೆ ಇನ್ನೂ ತಿಂಗಳಿತ್ತು. ನಮ್ಮ ಕಡೆಯ ಟೇಲರರ ಪಂಚಾಂಗದಲ್ಲಿ ‘ನಾಳೆ’ ಎಂಬ ವಾರವೇ ಬೇರೆ. ಗಣಪತಿಯನ್ನು ಮನೆಗೆ ತರುವ ಬೆಳಿಗ್ಗೆ, ಒಂದು ತೋಳು ಹೊಲಿಯದ ರವಿಕೆಯ ಮುಂದೆ ಕೂತು ಜಗಳವಾಡದೆ ಯಾರ ಹಬ್ಬವೂ ಶುರುವಾಗುವುದಿಲ್ಲ. ಅಂಥದರಲ್ಲಿ ಇವಳು ಇಸ್ತ್ರಿ ಮಾಡಿ, ಮಡಚಿ, ಕಾಗದ ಸುತ್ತಿ ಕೈಗಿಡುತ್ತಿದ್ದಾಳೆ.

ಕಾಗದದ ಕೆಳಗೆ ಅವಳ ಬೆರಳು ಅವನ ಬೆರಳಿಗೆ ತಾಗಿತು. ಆ ಸೆಖೆಯ ಮಧ್ಯಾಹ್ನದಲ್ಲೂ ತಣ್ಣಗಿತ್ತು. ‘ನಾಚಿಕೆ’ ಎಂದು ಅರ್ಥಮಾಡಿಕೊಂಡ ನರೇಶ. ಪ್ರೀತಿಸುವವರಿಗೆ ಎಲ್ಲವೂ ತಮ್ಮ ಅನುಕೂಲಕ್ಕೆ ತಕ್ಕಂತೆ ಅರ್ಥವಾಗುತ್ತದೆ.

“ಅತ್ತೆಯಾಗುವವಳ ರವಿಕೆ ಅಂತ ಮೊದ್ಲು ಹೊಲ್ದಿದ್ಳು ಕಾಣು,” ಎಂದು ಜಟ್ಟಿ ಅವನ ಪಕ್ಕೆಗೆ ತಿವಿದ.

ಮಾಲಿನಿ ಅದನ್ನು ಕೇಳಿಸಿಕೊಳ್ಳಲಿಲ್ಲ. ಅಥವಾ ಕೇಳಿಸಿಕೊಂಡೂ ಎಲ್ಲೋ ದೂರದಿಂದೆಂಬಂತೆ ನಕ್ಕಳು. “ನರೇಶ, ಸ್ವಲ್ಪ ಒಳಗೆ ಬಾ. ಒಂದ್ ಸಲ ಮಾತ್ರ.”

ಒಂದು ಸಲ ಎಂದರೆ ಏನೆಂದು ಅವನಿಗೆ ಗೊತ್ತಿತ್ತು.

*

ಸಂತೋಷ ಅವಳ ಅಣ್ಣ, ನರೇಶನ ಜೀವದ ಗೆಳೆಯ. ಹಿಂದಿನ ವರ್ಷ ಮೀನುಗಾರಿಕೆಯ ಮಳೆಗಾಲದ ರಜೆ ಮುಗಿದು, ಬೋಟುಗಳು ಮತ್ತೆ ಕಡಲಿಗಿಳಿದ ಮೊದಲ ಸರದಿಯಲ್ಲೇ ಹೊನ್ನಾವರದ ಪಕ್ಕದ ಕಾಸರಕೋಡು ಬಂದರಿನಿಂದ ಹೋಗಿದ್ದ. ಬೋಟು ತಿರುಗಿ ಬಂತು, ಅವನು ಬರಲಿಲ್ಲ. ಹೆಣವೂ ಸಿಗಲಿಲ್ಲ. ಬಹಳ ದಿನ ಕಾದು, ಕೊನೆಗೆ ದರ್ಭೆಯ ಗೊಂಬೆ ಮಾಡಿ ಸುಟ್ಟು ಕಾರ್ಯ ಮುಗಿಸಿದರು. ಗೊಂಬೆ ಸುಟ್ಟ ಮನೆಯಲ್ಲಿ ಅಳು ಪೂರ್ತಿ ಬರುವುದಿಲ್ಲ. ಅರ್ಧ ಗಂಟಲಲ್ಲೇ ನಿಂತು ಬಾಗಿಲ ಕಡೆ ನೋಡುತ್ತಿರುತ್ತದೆ.

ಸಂತೋಷನ ಧ್ವನಿ ನರೇಶನ ಬಳಿ ಇತ್ತು. ಗೆಳೆಯನನ್ನು ರೇಗಿಸಲು ಕಲಿತದ್ದು. ಅವನು ಹೋದ ಮೇಲೆ ಒಂದು ಸಲ, ಬೆಳಕೆ ಊರಿನ ಅವರ ಮನೆಯಂಗಳದಲ್ಲಿ, ಮಾಲಿನಿ ಕೇಳಿದಳೆಂದು ಆ ಧ್ವನಿಯಲ್ಲಿ ಮಾತಾಡಿದ್ದ. ಅಡುಗೆಮನೆಯೊಳಗಿಂದ ತಾಯಿ ಗಣಪಿ, “ಬಂದ್ಯನಾ ಮಗಾ? ಕೈಕಾಲು ತೊಳ್ಕೋ,” ಎಂದಳು. ತಟ್ಟೆ ಇಟ್ಟ ಸದ್ದೂ ಕೇಳಿಸಿತು. ನರೇಶ ಅಲ್ಲಿಂದ ಓಡಿದವನು, ಮತ್ತೆಂದೂ ಆ ಮನೆಯಲ್ಲಿ ಸಂತೋಷನಾಗಲಿಲ್ಲ.

ಆದರೆ ಅಂಗಡಿಯಲ್ಲಿ, ಪರದೆ ಎಳೆದು, ಸಣ್ಣ ದನಿಯಲ್ಲಿ ಮಾಲಿನಿ ಕೇಳಿದರೆ ಇಲ್ಲವೆನ್ನಲಾಗುತ್ತಿರಲಿಲ್ಲ. ಯಾಕೆಂದರೆ ಕೇಳಿ ಮುಗಿದ ಮೇಲೆ ಅವಳ ಮುಖದಲ್ಲಿ ಒಂದು ನಗೆ ಮೂಡುತ್ತಿತ್ತು. ಅದು ತನ್ನ ಸಂಪಾದನೆ ಎಂದು ನರೇಶ ತಿಳಿದಿದ್ದ.

“ಹೋಯ್ ತಂಗೀ,” ಎಂದ ಅವತ್ತೂ, ಮೂಗಿನಲ್ಲಿ ಅರ್ಧ, ಎದೆಯಲ್ಲಿ ಅರ್ಧ ಇರುವ ಆ ಧ್ವನಿಯಲ್ಲಿ. “ಚಾ ಮಾಡಿದ್ಯನಾ, ಇಲ್ಲಾ ಬಣ್ಣ ಹಾಕದ ನೀರನಾ?”

ಮಾಲಿನಿ ಕಣ್ಣು ಮುಚ್ಚಿದ್ದಳು. ರೆಪ್ಪೆಯ ಕೆಳಗೆ ಗುಡ್ಡೆಗಳು ಏನನ್ನೋ ಹುಡುಕುತ್ತ ಓಡಾಡಿದವು. ನಗೆ ಬಂತು. ಆದರೆ ಈ ಸಲ ಅದು ಬೇಗ ಬಂದು ಬೇಗ ಹೋಯಿತು. ಅಂಗಡಿಯ ಬೆಳಕೂ ಒಂದು ಕ್ಷಣ ಮಂದವಾದಂತೆ ಅವನಿಗೆ ಕಂಡಿತು.

“ಇದು ನಿಂಗೆ,” ಎಂದು ಅವಳು ಡ್ರಾಯರಿನಿಂದ ಒಂದು ಗಡಿಯಾರ ತೆಗೆದು ಕೊಟ್ಟಳು. ಕಡಲಿಗೆ ಹೋಗುವಾಗ ಸಂತೋಷ ಬಿಚ್ಚಿಟ್ಟು ಹೋಗುತ್ತಿದ್ದ ವಾಚು.

“ನಂಗೆ ಎಂತಕೆ?”

“ನಿನ್ನ ಕೈಯಲ್ಲಿದ್ರೆ ಓಡ್ತಿರ್ತದೆ.”

ಆಟೋದಲ್ಲಿ ಕೂತು ನರೇಶ ಕುಮಟೆಯವರೆಗೂ ಹಾಡುತ್ತ ಹೋದ. ಸೀರೆಯ ರಿಯಾಯಿತಿಯ ಬಗ್ಗೆ ಭಾಗವತರ ಧಾಟಿಯಲ್ಲಿ ಏರುಶ್ರುತಿಯಲ್ಲಿ ಹಾಡಿದ. ಜಟ್ಟಿ ಕಿವಿಗೆ ಹತ್ತಿ ತುರುಕಿಕೊಂಡ.

*

ಸುದ್ದಿ ತಂದದ್ದು ಅವನ ಅಮ್ಮ.

“ಮಾಲಿನಿಗೆ ಮದಿ ಗೊತ್ತಾತಂತಲ್ಲಾ?” ಎಂದಳು ಅನ್ನ ಬಡಿಸುತ್ತ. “ಪೆಟಿಗೆ ಎಲ್ಲ ಖಾಲಿ ಮಾಡ್ತಿದ್ಳಂತೆ. ಚೌಡಮ್ಮನ ಮಗಳಿಗೆ ಎರಡು ಒಳ್ಳೊಳ್ಳೆ ಸೀರೆ. ನಂಗೂ ನಿನ್ನೆ ಅಬ್ಬಲಿಗೆ ಹೂವಿನ ಗಿಡ ಕುಂಡದ ಸಮೇತ ತಂದುಕೊಟ್ಳು. ಗಂಡನ ಮನೆಗೆ ಹೋಪವ್ರು ಮಾಡೂ ಹಾಗೇ ಮಾಡ್ತಾಳೆ. ಗಲ್ಫಿನ ಗಂಡೋ ಎಂತದೋ.”

ನರೇಶ ಮುಂಗೈಯ ವಾಚು ನೋಡಿಕೊಂಡ. ಹುಟ್ಟಿದೂರು ಬಿಟ್ಟು ಹೋಗುವ ಹುಡುಗಿ ತನ್ನ ಗಿಡ, ರಿಬ್ಬನ್ನು, ಹಳೆಯ ಸೀರೆಗಳನ್ನು ಗೆಳತಿಯರಿಗೆ ಹಂಚುವುದು ಈ ಬದಿಯ ಮನೆಗಳಲ್ಲಿ ಇದ್ದದ್ದೇ. ಹಾಗಾದರೆ ಆ ವಾಚು? ಅದೂ ಹಂಚಿಕೆಯಲ್ಲಿ ತನ್ನ ಪಾಲಿಗೆ ಬಂದದ್ದಷ್ಟೆಯೇ?

“ಅಮ್ಮಾ, ಸಾರು ಹಾಕು,” ಎಂದ. ಹೊರಬಂದದ್ದು ಸಂತೋಷನ ಧ್ವನಿ.

ಅಮ್ಮನ ಕೈಯ ಸೌಟು ತಟ್ಟೆಗೆ ಬಡಿಯಿತು. “ಆ ಸ್ವರ ಬೇಡ ಅಂದಿದ್ನಲ್ಲ ನಿಂಗೆ! ಹೋದವ್ರ ಮಾತು ಹೊತ್ಕಂಡು ತಿರುಗೂದಲ್ಲ.”

“ನಾನು ಬೇಕಂತ ಮಾಡ್ಲಿಲ್ಲ.”

ಅದು ನಿಜವಾಗಿತ್ತು. ಈಚೆಗೆ ಆ ಧ್ವನಿ ಕರೆಯದೆಯೂ ಬರುತ್ತಿತ್ತು. ತನ್ನೊಳಗೆ ಯಾರೋ ಬಾಗಿಲು ತಳ್ಳಿಕೊಂಡು ಒಳಬಂದು ಕೂತಂತೆ. ತನಗೇ ಹೀಗಾದರೆ, ಅದನ್ನು ದಿನವೂ ಕೇಳಿ ಪಡೆಯುವವಳಿಗೆ ಹೇಗಿರಬಹುದೆಂಬ ಯೋಚನೆ ಒಂದು ಗಳಿಗೆ ಸುಳಿಯಿತು. ಗಲ್ಫಿನ ಗಂಡು ಅದನ್ನು ಪಕ್ಕಕ್ಕೆ ತಳ್ಳಿದ.

ಹೊಟ್ಟೆಯುರಿಯಲ್ಲೇ ಮರುದಿನ ಸಂಜೆ ಅಂಗಡಿಗೆ ಹೋದ. ಮಾಲಿನಿ ಇರಲಿಲ್ಲ. ಅವಳ ಬಳಿ ಹೊಲಿಗೆ ಕಲಿಯುತ್ತಿದ್ದ ದಿವ್ಯಶ್ರೀ ಒಬ್ಬಳೇ ಗುಡಿಸುತ್ತಿದ್ದಳು. ಅಂಗಡಿ ಅತಿಯಾಗಿ ಚೊಕ್ಕಟವಾಗಿತ್ತು. ಹೊಲಿಯಲು ಬಂದ ಬಟ್ಟೆಯ ಗಂಟು ಒಂದೂ ಇರಲಿಲ್ಲ.

“ಮದುಮಗಳು ಎಲ್ಲಿ?” ಎಂದ ನರೇಶ, ಪಂಚಾಯ್ತಿ ಅಧ್ಯಕ್ಷರ ಗತ್ತಿನಲ್ಲಿ. “ಅಧ್ಯಕ್ಷರು ಶುಭ ಕೋರೂಕೆ ಬಂದಿದ್ರು.”

“ಬೇಗ ಮನೆಗೆ ಹೋದ್ಳು. ಮತ್ತೆ ನೀನು ನಂಗೇ ಹೇಳ್ಲಿಲ್ಲ ಅಲ್ಲ? ಎಷ್ಟು ಗುಟ್ಟು ಮಾರಾಯ ನಿಮ್ದು!”

“ನಮ್ದು ಎಂತ ಗುಟ್ಟು?”

“ಗಂಡು ನೀನೇ ಅಲ್ವನಾ?”

“ನಾನಾ? ಗಲ್ಫಿನವ ಅಂದ್ಳು ಅಮ್ಮ.”

ದಿವ್ಯಶ್ರೀ ಪೊರಕೆ ನಿಲ್ಲಿಸಿದಳು. “ಗಲ್ಫಿನವ ಯಾರೂ ಇಲ್ಲ. ನೋಡುಕೆ ಯಾರೂ ಬರ್ಲೂ ಇಲ್ಲ. ಬಂದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ? ಅದಕ್ಕೇ ನಾನು ನೀನು ಅಂದ್ಕಂಡೆ.”

“ಮತ್ತೆ ಅವಳು ಎಲ್ಲ ಹಂಚಿದ್ದು?”

“ಹೌದು. ನಂಗೆ ಅವಳ ದೊಡ್ಡ ಕತ್ತರಿ ಕೊಟ್ಳು. ಕಾಗದ ಕತ್ತರಿಸಿದ್ರೂ ಬೈತಿದ್ದ ಕತ್ತರಿ. ಚೌತಿ ಆದ್ಮೇಲಿನ ಹೊಲಿಗೆ ಯಾವ್ದೂ ತಕಳ್ತಿಲ್ಲ, ಬಂದವ್ರನ್ನ ಬೇರೆ ಟೇಲರ್ ಹತ್ರ ಕಳಿಸ್ತಾಳೆ. ಮಧ್ಯಾಹ್ನದ ಬುತ್ತಿ ಬಿಚ್ಚೂದೇ ಇಲ್ಲ, ನಾಯಿಗೆ ಹಾಕ್ತಾಳೆ. ಕೇಳಿದ್ರೆ ನಗ್ತಾಳೆ.” ಅವಳು ಸ್ವರ ತಗ್ಗಿಸಿದಳು. “ಒಂದು ಮಾತ್ರ ನಂಗೂ ಅರ್ಥ ಆಗ್ಲಿಲ್ಲ. ಗಣಪಕ್ಕನಿಗೆ ರವಿಕೆ ಹೊಲ್ದಿದ್ಳು. ಒಂದೆರಡಲ್ಲ, ರಾಶಿ. ಪೂರಾ ಒಂದು ಟ್ರಂಕು. ವಯಸ್ಸಾದಂಗೆ ಅಮ್ಮ ಸಪೂರ ಆಗ್ತಾಳೆ, ಆವಾಗ ಇಲ್ಲಿ ಹಿಡೀಲಿ ಅಂತ ಒಳಗೆಲ್ಲ ಗುರ್ತಿನ ಹೊಲಿಗೆ ಹಾಕಿಟ್ಟಿದ್ಳು. ನಾನು ಕೇಳ್ದೆ, ನೀನೇ ಹಿಡಿದುಕೊಟ್ರಾತಲ್ಲ, ಭಟ್ಕಳದಲ್ಲೇ ಇರ್ತ್ಯಲ್ಲ ಅಂತ.”

“ಎಂತ ಹೇಳಿದ್ಳು?”

“ಎಂತದೂ ಇಲ್ಲ. ಮಷೀನು ತುಳಿತಾ ಹೋದ್ಳು.”

ಹೊರಗೆ ಯಾರದೋ ಸೈಕಲ್ ಗಂಟೆ ಬಾರಿಸಿತು. ನರೇಶನಿಗೆ ಅದು ಬಹಳ ದೂರದಿಂದ ಕೇಳಿಸಿತು. ಗಂಡಿಲ್ಲದ ಮದುವೆಗೆ ಹೊರಟಿದ್ದಾಳೆ ಇವಳು. ಹೇಳಿದ ದಿನಕ್ಕೂ ಮೊದಲೇ ಎಲ್ಲರ ರವಿಕೆ ಮುಗಿಸಿದ್ದಾಳೆ. ಅದನ್ನು ನೋಡಿ ತಾನು ಹಿಗ್ಗಿದ್ದ, ಊರು ಮದುವೆಯೆಂದುಕೊಂಡಿತ್ತು.

“ದಿವ್ಯಾ, ಅಂಗಡಿ ಬಾಗಿಲು ಹಾಕು. ನೀನೂ ಅವ್ರ ಮನೆಗೆ ಬಾ. ಗಣಪಕ್ಕನ ಹತ್ರ ಕೂತ್ಕೋ,” ಎಂದ.

“ನರೇಶ, ನಿನ್ನ ಸ್ವರಕ್ಕೆ ಎಂತಾತು?”

ಅದು ಅವನ ಸ್ವಂತ ಧ್ವನಿಯಾಗಿತ್ತು. ಯಾರೂ ಹೆಚ್ಚು ಕೇಳಿರಲಿಲ್ಲ.

*

ಮನೆಯಲ್ಲಿ ಮಾಲಿನಿ ಇರಲಿಲ್ಲ; ದಿವ್ಯಶ್ರೀಯನ್ನು ಗಣಪಿಯ ಬಳಿ ಬಿಟ್ಟು ನರೇಶ ಕಡಲ ಕಡೆ ಓಡಿದ. ಬೆಳಕೆಯ ಕಡಲು ಆ ಸಂಜೆ ಬೂದಿ ಕಲಸಿದ ನೀರಿನಂತಿತ್ತು. ಮಳೆ ಹೊಳವಾಗಿದ್ದರೂ ಅಲೆಯ ಅಬ್ಬರ ಇಳಿದಿರಲಿಲ್ಲ. ಒಣಗಲು ಹಾಕಿದ ಬಲೆಗಳ ಆಚೆ ಮಾಲಿನಿ ಒಬ್ಬಳೇ ಕೂತಿದ್ದಳು. ಚಪ್ಪಲಿಗಳನ್ನು ಬಿಚ್ಚಿ, ದೇವಸ್ಥಾನದ ಹೊರಗಿಡುವಂತೆ, ಜೋಡಿಸಿ ಇಟ್ಟಿದ್ದಳು.

ನರೇಶ ಪಕ್ಕದಲ್ಲಿ ಕೂರಲಿಲ್ಲ. ಅವಳಿಗೂ ನೀರಿಗೂ ನಡುವೆ, ಕಡಲಿಗೆ ಬೆನ್ನು ಹಾಕಿ, ಅವಳಿಗೆದುರಾಗಿ ಕೂತ. ಬಂದ ಮೊದಲ ಅಲೆಗೇ ಅವನ ಪ್ಯಾಂಟು ನೆನೆಯಿತು.

“ಒದ್ದೆ ಆತು ಕಾಣು,” ಎಂದಳು ಅವಳು.

“ಆಗ್ಲಿ.”

“ನೀ ಬಂದದ್ದು ಒಳ್ಳೇದಾತು.” ಅವಳ ಕಣ್ಣುಗಳು ಅವನ ಹೆಗಲ ಮೇಲಿನಿಂದ ನೀರಿನತ್ತ ಹೋದವು. “ಒಂದ್ ಸಲ ಅಣ್ಣನ ಸ್ವರದಲ್ಲಿ ಹೇಳು. ಬಾ ತಂಗಿ ಅಂತ. ಅಷ್ಟೇ ಸಾಕು.”

ಧ್ವನಿ ಆಗಲೇ ಅವನ ಗಂಟಲಿಗೆ ಬಂದು ನಿಂತಿತ್ತು. ಬೇಡವೆಂದರೂ ನಾಲಿಗೆಯ ಬುಡದಲ್ಲಿ ಕಾಯುತ್ತಿತ್ತು. ಬೆನ್ನ ಹಿಂದೆ ಕಡಲು ಉಸಿರೆಳೆದುಕೊಂಡಿತು. ಒಂದು ಕ್ಷಣ ನರೇಶನಿಗೆ, ಹಿಂದೆ ತಿರುಗಿದರೆ ಗೆಳೆಯ ಮೊಣಕಾಲುದ್ದ ನೀರಿನಲ್ಲಿ ನಿಂತಿರುತ್ತಾನೆ, ತನ್ನ ಬಾಯಿ ತೆರೆಯುವುದನ್ನೇ ಕಾಯುತ್ತಿರುತ್ತಾನೆ ಅನ್ನಿಸಿತು. ಅವನು ತಿರುಗಲಿಲ್ಲ.

“ಹೇಳೂದಿಲ್ಲ.”

“ಎಂತಕೆ?”

“ಅವ ಹಾಗೆ ಕರೀತಿರ್ಲಿಲ್ಲ ಮಾಲಿನಿ. ಕಡಲಿಗೆ ಬರ್ತೆ ಅಂದ್ರೆ ನಿನ್ನ ಜುಟ್ಟು ಹಿಡ್ದು ಮನೆಗೆ ಎಳ್ಕಂಡ್ ಹೋಗ್ತಿದ್ದ.” ಇಷ್ಟು ವರ್ಷ ಬಾಯಲ್ಲೇ ಬದುಕಿದವನಿಗೆ ಈ ಒಂದು ಮಾತು ಕಲ್ಲಿನಂತೆ ಭಾರವಾಗಿತ್ತು. “ಒಂದು ಕೇಳ್ತೆ. ಸುಮ್ನೆ ನಗಬೇಡ. ನೀನು ಸಾಯೂ ಯೋಚನೆ ಮಾಡ್ತಿದ್ಯನಾ?”

ಅವಳು ನಕ್ಕಳು. ನಗೆ ಅರ್ಧಕ್ಕೆ ಬಂದು ದಾರಿ ತಪ್ಪಿತು. ಮುಖವನ್ನು ಮೊಣಕಾಲಿಗೆ ಒತ್ತಿಕೊಂಡಳು. ಇನ್ನೊಂದು ಅಲೆ ಬಂದು ಅವನನ್ನು ಸೊಂಟದವರೆಗೆ ತೋಯಿಸಿತು. ಅವನು ಅಲುಗಲಿಲ್ಲ.

“ಯಾರೂ ಕೇಳ್ಲಿಲ್ಲ,” ಎಂದಳು ಕೊನೆಗೆ, ಬಟ್ಟೆಯೊಳಗಿಂದ. “ಎಲ್ಲರೂ ಗಂಡು ಯಾರು, ಗಂಡು ಯಾರು ಅಂತಲೇ ಕೇಳಿದ್ರು.”

“ನಾನೂ ಅದೇ ಕೇಳೂಕೆ ಹೊರಟಿದ್ದೆ. ಈಗ ಇದು ಕೇಳ್ತೆ.”

“ಹೌದು,” ಎಂದಳು. ಬಹಳ ಸಣ್ಣ ಹೌದು. ಆಮೇಲೆ ಮಾತು ಬಿಚ್ಚಿತು, ಹೊಲಿಗೆ ಬಿಚ್ಚಿದಂತೆ, ಒಂದು ಕಡೆ ಎಳೆದರೆ ಸರಸರನೆ. “ಮಷೀನು ನಿಂತ ಕೂಡ್ಲೆ ಅವ ಕರೀತಾನೆ ನರೇಶ. ಅದಕ್ಕೇ ನಿಲ್ಸದೇ ಹೊಲ್ದೆ. ಎಲ್ಲರದ್ದೂ ಮುಗೀತು. ಮುಂಚೆ ನಿನ್ನ ಬಾಯಲ್ಲಿ ಕೇಳಿದ್ರೆ ಒಳಗಿಂದು ಸುಮ್ನಾಗ್ತಿತ್ತು. ಈಗ ಇಲ್ಲ. ಎರಡೂ ಸೇರಿ ಕರೀತವೆ. ಅಮ್ಮ ಇನ್ನೂ ಬಾಗಿಲು ಹಾಕದೆ ಮಲಗ್ತಾಳೆ. ನಂಗೆ ಸಾಕಾತು. ದುಃಖ ಅಂತ ಅಲ್ಲ, ಸಾಕಾತು.”

ಅವನಿಗೆ ನೂರು ಸಮಾಧಾನದ ಮಾತು ಗೊತ್ತಿದ್ದವು. ಭಟ್ಟರ ಧ್ವನಿಯಲ್ಲಿ, ಮೇಷ್ಟರ ಧ್ವನಿಯಲ್ಲಿ, ಅಜ್ಜಿಯ ಧ್ವನಿಯಲ್ಲಿ. ಒಂದನ್ನೂ ಆಡಲಿಲ್ಲ. ಅವಳು ಹೇಳಿದ್ದನ್ನೆಲ್ಲ ಕೇಳಿದ. ಅವಳ ಮಾತು ನಿಂತಾಗ, “ಮತ್ತೆ?” ಎಂದ. ಅವಳು ಮತ್ತೆ ಹೇಳಿದಳು. ಬಲೆಗಳ ಮೇಲೆ ಕೂತಿದ್ದ ಕಾಗೆಗಳು ಎದ್ದುಹೋದವು.

“ನಾನು ಆ ಸ್ವರ ಮಾಡಿದ್ದು ನಿನ್ನ ನಗೆಗೋಸ್ಕರ,” ಎಂದ ಕೊನೆಗೆ. “ನಗೆ ಮಾತ್ರ ಕಂಡೆ, ಬೇರೆ ಎಂತದೂ ಕಾಣ್ಲಿಲ್ಲ. ಇನ್ನು ಮಾಡೂದಿಲ್ಲ. ಮತ್ತೊಂದು ಮಾತು. ನಾನು ನಿನ್ನ ಪ್ರೀತಿ ಮಾಡ್ತೆ. ಹೇಳೂಕೆ ಇದು ಹೊತ್ತಲ್ಲ, ಗೊತ್ತು. ಉತ್ತರ ಬೇಡ. ಪ್ರೀತಿಗೋಸ್ಕರ ಬದುಕು ಅಂತಲೂ ಹೇಳ್ತಿಲ್ಲ. ಇವತ್ತು ಮನೆಗೆ ಬಾ. ನಾಳೆ ಕುಮಟೆಗೆ ಹೋಗ್ವ, ಅಲ್ಲಿ ಮನಸ್ಸಿನ ಡಾಕ್ಟರು ಬರ್ತಾರೆ. ಗಣಪಕ್ಕನಿಗೆ ನೀನೇ ಹೇಳು, ನಿಂಗೆ ಬಾಯಿ ಬರದಿದ್ರೆ ನಾ ಪಕ್ಕದಲ್ಲಿ ಕೂತು ಹೇಳ್ತೆ. ಆದ್ರೆ ಗುಟ್ಟಾಗಿ ಇಡೂದಿಲ್ಲ. ಅದಕ್ಕೆ ನೀನು ಬೈದ್ರೂ ಆತು.”

“ಹುಚ್ಚಿ ಅಂತಾರೆ ಊರಲ್ಲಿ.”

“ಜ್ವರ ಬಂದ್ರೆ ಹೋಗ್ತ್ಯಲ್ಲ, ಹಾಗೇ. ಊರಿಗೆ ನಾನು ಮೈಕಲ್ಲಿ ಉತ್ತರ ಕೊಡ್ತೆ.”

ಅದಕ್ಕೆ ಅವಳು ನಗಲಿಲ್ಲ, ಅತ್ತಳು. ಒಂದು ವರ್ಷ ಗಂಟಲಲ್ಲಿ ನಿಂತಿದ್ದ ಅರ್ಧ ಅಳು ಕೆಳಗಿಳಿಯಿತು. ಬಹಳ ಹೊತ್ತಿನ ಮೇಲೆ ಕೈ ಚಾಚಿದಳು. ಅವನು ಹಿಡಿದು ಎಬ್ಬಿಸಿದ. ಎದ್ದು ನಿಂತ ಮೇಲೂ ಕೈ ಬಿಡಲು ಇಬ್ಬರಿಗೂ ನೆನಪಾಗಲಿಲ್ಲ.

ಮನೆಯಲ್ಲಿ ಗಣಪಿ ಎಲ್ಲವನ್ನೂ ಕೇಳಿದಳು. ಎದ್ದು ಹೋಗಿ ತಲೆಬಾಗಿಲು ಹಾಕಿ ಅಗಳಿ ಇಟ್ಟಳು. ಮಗಳನ್ನು ತನ್ನ ಚಾಪೆಗೆ ಕರೆದು, ಅವಳ ಸೀರೆಯ ಸೆರಗಿಗೆ ತನ್ನ ಸೆರಗನ್ನು ಗಂಟು ಹಾಕಿಕೊಂಡಳು. ದಿವ್ಯಶ್ರೀ ಒಲೆಯ ಮೇಲೆ ಗಂಜಿ ಇಟ್ಟಳು.

*

ಬೆಳಗಿನ ಬಸ್ಸಿನಲ್ಲಿ ಗಣಪಿ ಕಿಟಕಿಗೆ, ನಡುವೆ ಮಾಲಿನಿ, ಈಚೆ ನರೇಶ. ಕಾಸರಕೋಡು ಬಂದಾಗ ಬಂದರಿನ ಒಣಮೀನಿನ ವಾಸನೆ ಕಿಟಕಿಯಿಂದ ನುಗ್ಗಿತು. ಬಣ್ಣದ ಬೋಟುಗಳ ಮೂತಿಗಳು ಸಾಲಾಗಿ ಹಿಂದೆ ಸರಿದವು. ಮಾಲಿನಿಯ ಉಗುರುಗಳು ನರೇಶನ ಮುಂಗೈಗೆ ಇಳಿದವು. ಶರಾವತಿಯ ಸೇತುವೆ ದಾಟುವವರೆಗೂ ಹಾಗೇ ಇದ್ದವು.

“ಕರೆದ್ನನಾ?” ಎಂದು ಅವನು ಮೆಲ್ಲಗೆ ಕೇಳಿದ.

“ಹ್ಞೂಂ.”

“ಈಗ?”

“ಈಗ್ಲೂ. ಆದ್ರೆ ಬಸ್ಸಿನ ಸದ್ದು ಜೋರುಂಟು.”

ಕುಮಟೆಯ ಆ ಚಿಕ್ಕ ದವಾಖಾನೆಯ ಹೊರಗೆ ಬೆಂಚು ತುಂಬ ಜನ. ಕೆಮ್ಮುವವರು, ಮಗು ಎತ್ತಿಕೊಂಡವರು, ಮಾತಾಡದೆ ನೆಲ ನೋಡುವವರು. ಯಾರೂ ಇವರನ್ನು ತಿರುಗಿ ನೋಡಲಿಲ್ಲ. ಗಣಪಿ ಎಲೆಯಡಿಕೆ ಹಾಕಲು ಹೊರಗೆ ಹೋದಾಗ ಮಾಲಿನಿ ಬಾಯಿ ತೆರೆದಳು.

“ನಿನ್ನೆ ನೀ ಹೇಳಿದ್ಯಲ್ಲ, ಅದಕ್ಕೆ...”

“ಉತ್ತರ ಬೇಡ ಅಂದಿದ್ನಲ್ಲ.”

“ಈಗ ನನ್ನೊಳಗೆ ಉತ್ತರ ಹುಡುಕುಕೆ ಜಾಗ ಇಲ್ಲ ಮಾರಾಯ. ದೀಪಾವಳಿ ಹೊತ್ತಿಗೆ ಕೇಳು. ಇನ್ನೊಂದ್ ಸಲ ಸರೀ ಕೇಳು. ಒದ್ದೆ ಪ್ಯಾಂಟಲ್ಲಿ ಕೂತು ಕೇಳಬೇಡ.”

ದೀಪಾವಳಿ. ನರೇಶ ಆ ಹಬ್ಬದ ಹೆಸರನ್ನು ಮೊದಲ ಬಾರಿಗೆ ಕೇಳಿದವನಂತೆ ಕೂತ. ಅವಳು ಆ ಹೊತ್ತಿಗೆ ಇರುತ್ತೇನೆಂದು ಹೇಳಿರಲಿಲ್ಲ. ಕೇಳು ಎಂದಿದ್ದಳು. ಸದ್ಯಕ್ಕೆ ಅದನ್ನೇ ಬೊಗಸೆಯಲ್ಲಿ ಹಿಡಿದುಕೊಂಡ.

ಮಾಲಿನಿ ಗೋಡೆಗೆ ತಲೆಯಾನಿಸಿದಳು. ಗೋಡೆ ಗಟ್ಟಿಯೆನಿಸಿರಬೇಕು, ತಲೆ ಜಾರಿ ಅವನ ಹೆಗಲಿಗೆ ಬಂತು. ಒಂದು ಸಲ ಬೆಚ್ಚಿ ಕಣ್ಣು ತೆರೆದು, ಯಾರೆಂದು ನೋಡಿ, ಮತ್ತೆ ಮುಚ್ಚಿದಳು. ಉಸಿರು ನಿಧಾನವಾಯಿತು. ಎಷ್ಟು ಕಾಲದಿಂದ ಕಾದು ನಿಂತಿತ್ತೋ ಆ ನಿದ್ದೆ, ಹೆಜ್ಜೆ ಸಪ್ಪಳ ಮಾಡದೆ ಬಂದು ಅವಳನ್ನು ಎತ್ತಿಕೊಂಡಿತು. ರೆಪ್ಪೆಯ ಕೆಳಗೆ ಗುಡ್ಡೆಗಳು ಏನನ್ನೂ ಹುಡುಕುತ್ತಿರಲಿಲ್ಲ.

ಒಳಗಿನಿಂದ ಕಂಪೌಂಡರ್ ಇಣುಕಿದ. “ಮಾಲಿನಿ, ಬೆಳಕೆ?”

ನರೇಶನ ತೋಳು ಜೋಮು ಹಿಡಿದಿತ್ತು. ಅವನು ತುಟಿಯ ಮೇಲೆ ಬೆರಳಿಟ್ಟು, ಪಕ್ಕದ ಅಜ್ಜಿಗೆ ಕಣ್ಣಲ್ಲೇ ದಾರಿ ತೋರಿಸಿದ.

“ನೀವು ಹೋಗಿಬನ್ನಿ ಅಮ್ಮಾ,” ಎಂದ ಪಿಸುಮಾತಿನಲ್ಲಿ. “ನಮ್ಗೆ ಗಡಿಬಿಡಿ ಇಲ್ಲ.”